ಪರಿಶೀಲಿಸಿದವರು: ಲಕ್ಕವ್ವ, ಗುಂಜಿ

ಹೋದ ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ಸುನಂದಾ ನನ್ನನ್ನು ರವಿವಾರ ಪೇಟೆಗೆ ಅಟ್ಟಿದಳು. ಮಹಾಂತೇಶ ನಗರದಿಂದ ಹೊರಟು ಅರ್ಧ ದಾರಿಗೆ ಬಂದಿದ್ದೆನೋ ಇಲ್ಲವೋ, ಫೋನಿಗೆ ಸಾಮಾನಿನ ಪಟ್ಟಿ ಬಂತು. ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಪಟ್ಟಿ ಓದಿದೆ. ಓದಿದವನು ಸುಮ್ಮನೆ ಹೋಗಬೇಕೋ ಬೇಡವೋ? ನನಗೇ ತಿಳಿಯದಂತೆ ಹೀಗೊಂದು ಉತ್ತರ ಕಳಿಸಿಬಿಟ್ಟೆ:

> ಶೇಂಗಾ ಎರಡು ಕಿಲೋ
ಸಿಪ್ಪೆ ಸಹಿತವೋ, ಬರೀ ಕಾಳೋ? ಸ್ಪಷ್ಟಪಡಿಸಬೇಕು.

> ಗುರೆಳ್ಳು ಅರ್ಧ ಕಿಲೋ
ಹೋದ ತಿಂಗಳು ತಂದದ್ದು ಏನಾಯಿತು? ಕಾರಣ ಕೊಟ್ಟಿಲ್ಲ.

> ಬ್ಯಾಡಗಿ ಮೆಣಸಿನಕಾಯಿ ಒಂದು ಕಿಲೋ
ಒಪ್ಪಿದೆ.

> ಲಗೂನ ಬರ್ರಿ
ಈ ಸಾಲಿಗೂ ಪಟ್ಟಿಗೂ ಸಂಬಂಧವಿಲ್ಲ. ಪ್ರತ್ಯೇಕವಾಗಿ ಕಳಿಸತಕ್ಕದ್ದು.

ಎರಡು ನಿಮಿಷದಲ್ಲಿ ಫೋನ್ ಬಂತು. "ನಾ ಇಲ್ಲೆ ಬ್ಯಾಳಿ ಬೇಯಾಕ ಇಟ್ಟೇನಿ, ನೀವು ರಸ್ತೇದಾಗ ನಿಂತ ಪಟ್ಟಿಗೆ ಟಿಪ್ಪಣಿ ಬರಕೊಂತ ನಿಂತೀರೇನ್ರಿ? ಆ ಗುಂಜಿ ಅಕ್ಕಾರು ನಿಮಗ ಏನ ಕಲಸ್ಯಾರೋ ಏನೋ!" ಎಂದಳು. ಕಲಿಸಿದ್ದು ನಿಜ. ಆದರೆ ನಾನು ಕಲಿತದ್ದು ಅರ್ಧವೇ. ಆ ಅರ್ಧ ಕಲಿಕೆಯಿಂದ ಏನು ಅನಾಹುತವಾಯಿತೆಂದು ಹೇಳಿಕೊಳ್ಳುವ ಧೈರ್ಯ ಇವತ್ತು ಹೇಗೋ ಬಂದಿದೆ, ಕೇಳಿಬಿಡಿ.

ಈ > ಗುರುತು ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಮೇಲ್‌ನಲ್ಲಿ ಎದುರಿನವರ ಮಾತನ್ನು ಎತ್ತಿ ಹಾಕುವಾಗ ಪ್ರತಿ ಸಾಲಿನ ಮುಂದೆ ಬರುವ ಗುರುತು ಅದು. ಅವರ ಸಾಲು, ಅದರ ಕೆಳಗೆ ನಮ್ಮ ಉತ್ತರ. ಮತ್ತೆ ಅವರ ಸಾಲು, ಮತ್ತೆ ನಮ್ಮ ಉತ್ತರ. ಪ್ರೋಗ್ರಾಂ ಬರೆದು ಎಲ್ಲರಿಗೂ ಪುಕ್ಕಟೆ ಹಂಚುವ, ಓಪನ್ ಸೋರ್ಸ್ ಎಂಬ ಧರ್ಮದ ಕೆಲಸ ಮಾಡುವವರಲ್ಲಿ ಇದು ಹಳೆಯ ಸಂಪ್ರದಾಯ. ಒಬ್ಬ ಬರೆದ ಕೋಡನ್ನು ಇನ್ನೊಬ್ಬ ಓದಿ, ತಪ್ಪು ತೋರಿಸಿ, ಜಗಳವಾಡಿ, ಕೊನೆಗೆ ಒಪ್ಪಿದರೆ ಮಾತ್ರ ಅದು ಪ್ರೋಗ್ರಾಮಿನ ಒಳಗೆ ಸೇರುತ್ತದೆ. ಈ ಓದು, ಜಗಳ, ಒಪ್ಪಿಗೆ ಎಲ್ಲವೂ ಮೇಲ್‌ನಲ್ಲೇ ನಡೆಯಬೇಕೆನ್ನುವವರು ಒಂದು ಕಡೆ. ಇಲ್ಲ, ಅದಕ್ಕಾಗಿಯೇ ವೆಬ್ ಪುಟಗಳಿವೆ, ಹಸಿರು ಬಟನ್ ಇದೆ, ಒತ್ತಿದರೆ ಕೆಲಸ ಮುಗಿಯಿತು ಎನ್ನುವವರು ಇನ್ನೊಂದು ಕಡೆ. ಜಗತ್ತಿನಲ್ಲಿ ದೊಡ್ಡ ದೊಡ್ಡವರು ಈ ವಿಷಯಕ್ಕೆ ಮಾತು ಬಿಟ್ಟಿದ್ದಾರಂತೆ. ನಾವು ಚಿಕ್ಕವರಾದರೂ ಮಾತು ಬಿಡುವುದರಲ್ಲಿ ಹಿಂದೆ ಬೀಳಲಿಲ್ಲ.

ಸಾಲಿನ ಕೆಳಗೆ ಉತ್ತರ ಬರೆಯುವುದನ್ನು ನಾನು ಮೊದಲು ಕಂಡದ್ದು ಕಂಪ್ಯೂಟರಿನಲ್ಲಲ್ಲ, ರವಿವಾರ ಪೇಟೆಯಲ್ಲೇ. ನಮ್ಮ ಕಾಕಾನ ಮೆಣಸಿನಕಾಯಿ ಅಂಗಡಿ ಅಲ್ಲಿತ್ತು. ರಜೆಯಲ್ಲಿ ಹೋಗಿ ಕುಳಿತರೆ ಮೊದಲ ಹತ್ತು ನಿಮಿಷ ಬರೀ ಸೀನು. ಖಾನಾಪುರದ ಅತ್ತೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕಾಕಾನಿಗೆ ಪತ್ರ ಬರೆಯುತ್ತಿದ್ದಳು. ಕಾಕಾ ಬೇರೆ ಕಾಗದ ಹಾಳು ಮಾಡುವ ಆಸಾಮಿಯಲ್ಲ. ಅವಳ ಪತ್ರದಲ್ಲೇ ಸಾಲುಗಳ ನಡುವೆ ಉತ್ತರ ತುರುಕಿ ಅದನ್ನೇ ವಾಪಸು ಕಳಿಸುತ್ತಿದ್ದ. 'ಎಮ್ಮೆ ಈದಿದೆ' ಎಂದು ಅವಳು ಬರೆದಿದ್ದರೆ ಕೆಳಗೆ 'ಹೆಣ್ಣೋ ಗಂಡೋ ತಿಳಿಸಿಲ್ಲ'. ಮಗನ ವಿಷಯಕ್ಕೆ 'ಗಂಗಾಧರನಿಗೆ ಎಲ್ಲಾದರೂ ಹೆಣ್ಣು ನೋಡು' ಎಂದಿದ್ದರೆ ಕೆಳಗೆ 'ಮೊದಲು ಅವನಿಗೆ ಮುಂಜಾನೆ ಏಳಲು ಕಲಿಸು'. ಅತ್ತೆಯೂ ಕಡಿಮೆಯವಳಲ್ಲ. ಅವನ ಉತ್ತರದ ಕೆಳಗೆ ತನ್ನದನ್ನು ಬರೆದು ತಿರುಗಿ ಕಳಿಸುತ್ತಿದ್ದಳು. ಒಂದೇ ಕಾಗದ ಬೆಳಗಾವಿ ಖಾನಾಪುರದ ನಡುವೆ ಮೂರು ಸಲ ಓಡಾಡಿ, ಬಿಳಿ ಜಾಗವೆಲ್ಲ ಮುಗಿದು, ಕೊನೆಗೆ ಗಂಗಾಧರನ ಮದುವೆಯ ವಿಷಯ ಅಂಚಿನಲ್ಲಿ ಅಡ್ಡಡ್ಡ ನಿರ್ಧಾರವಾಯಿತು. ಅವನು ಇವತ್ತಿಗೂ ತಡವಾಗಿಯೇ ಏಳುತ್ತಾನೆ, ಅದು ಬೇರೆ ಮಾತು.

ಮತ್ತೆಲ್ಲಿಗೋ ಹೋದೆ. ನಮ್ಮ ಧರ್ಮಕಾರ್ಯದ ಹೆಸರು 'ಕಪಾಟು'. ಸಣ್ಣ ಊರುಗಳ ಲೈಬ್ರರಿಗಳಲ್ಲಿ ಪುಸ್ತಕ, ಓದುಗರು, ಯಾರು ಏನು ಒಯ್ದರು ಎಂಬುದನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿಡುವ ಒಂದು ಪ್ರೋಗ್ರಾಂ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವವನು. ಪಾಠ ಹೇಳುವವರಿಗೆ ಐವತ್ತು ದಾಟಿದ ಮೇಲೆ ಸಮಾಜಸೇವೆಯ ತುರಿಕೆ ಶುರುವಾಗುತ್ತದೆ. ಕೆಲವರು ಯೋಗ ಶಿಬಿರ ನಡೆಸುತ್ತಾರೆ, ನಾನು ಕಪಾಟು ಮಾಡಿದೆ. ಸ್ಥಾಪಕ ಎಂಬ ಬಿರುದು ನನ್ನದಾಯಿತು. ಕೋಡು ಬರೆಯುವುದರಲ್ಲಿ ಸ್ಥಾಪಕರು ಹೇಗೆ ಎಂದು ಮಾತ್ರ ಕೇಳಬೇಡಿ.

ಗುಂಜಿಯ ಲೈಬ್ರರಿಗೆ ಕಪಾಟನ್ನು ಹಾಕಿಕೊಟ್ಟು ಬಂದಾಗ ನಾನು ಒಂದು ಕೃತಜ್ಞತೆಯ ಪತ್ರವನ್ನು ನಿರೀಕ್ಷಿಸಿದ್ದೆ. ಮೂರು ದಿನದ ನಂತರ ಅಲ್ಲಿನ ಗ್ರಂಥಪಾಲಕಿ ಲಕ್ಕವ್ವನವರಿಂದ ಮೇಲ್ ಬಂತು. ಕೃತಜ್ಞತೆ ಇರಲಿಲ್ಲ, ಹದಿನಾಲ್ಕು ತಪ್ಪುಗಳಿದ್ದವು. ಹದಿನಾಲ್ಕನೆಯದರ ಕೆಳಗೆ 'ಉಳದದ್ದು ನಾಳೆ ಬರಿತೇನಿ' ಎಂದಿತ್ತು. ಮಾತಾಡಿದ ಹಾಗೆಯೇ ಬರೆಯುವ ಹೆಣ್ಣುಮಗಳು. ಕಾಡಿನ ಅಂಚಿನಲ್ಲಿ ಎಮ್ಮೆ ಮೇಯಿಸಿಕೊಂಡಿದ್ದ ಮನೆತನ, ಆ ಮನೆಯಲ್ಲಿ ಮೊದಲು ಸಂಬಳದ ಕೆಲಸಕ್ಕೆ ಸೇರಿದವರು ಇವರೇ. ಆರು ತಿಂಗಳಾಗುವಷ್ಟರಲ್ಲಿ ತಪ್ಪು ತೋರಿಸುವುದಷ್ಟೇ ಅಲ್ಲ, ಅದನ್ನು ತಿದ್ದಿಯೂ ಕಳಿಸತೊಡಗಿದರು. ಕೋಡು ಬರೆಯುವುದನ್ನು ಎಲ್ಲಿ ಕಲಿತಿರಿ ಎಂದು ಒಮ್ಮೆ ಫೋನಿನಲ್ಲಿ ಕೇಳಿದೆ.

"ನೀವು ಬರದದ್ದ ಓದಿ ಕಲತೇನ್ರಿ ಸರ. ಅದಕ್ಕ ಸ್ವಲ್ಪ ತಡಾ ಆತು" ಎಂದರು.

ಅಂದಿನಿಂದ ಕಪಾಟಿನಲ್ಲಿ ಒಂದು ಪದ್ಧತಿಯಾಯಿತು. ಯಾರು ಏನೇ ಬರೆಯಲಿ, ಮೇಲ್‌ನಲ್ಲಿ ಎಲ್ಲರಿಗೂ ಹೋಗಬೇಕು. ಲಕ್ಕವ್ವ ಸಾಲು ಸಾಲಾಗಿ ಓದಿ, ಬೇಕಾದ ಸಾಲಿನ ಕೆಳಗೆ ತಮ್ಮ ಪ್ರಶ್ನೆ ಬರೆಯುತ್ತಾರೆ. ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕ ಮೇಲೆ ಮೇಲ್‌ನ ಕೊನೆಗೆ ಒಂದು ಸಾಲು ಹಾಕುತ್ತಾರೆ: 'ಪರಿಶೀಲಿಸಿದವರು: ಲಕ್ಕವ್ವ, ಗುಂಜಿ'. ಆ ಸಾಲು ಕೋಡಿನ ಜೊತೆಗೇ ಉಳಿಯುತ್ತದೆ. ಯಾವ ಲೈಬ್ರರಿಯಲ್ಲಿ ಯಾರು ಹೊಸ ಆವೃತ್ತಿ ಹಾಕಿಕೊಂಡರೂ ಮೊದಲು ಆ ಸಾಲಿದೆಯೇ ಎಂದು ನೋಡುತ್ತಿದ್ದರು. ಸ್ಥಾಪಕರ ಹೆಸರನ್ನು ಯಾರೂ ನೋಡುತ್ತಿರಲಿಲ್ಲ.

ಮೇಲ್ ಪದ್ಧತಿ ಸ್ವರ್ಗದಂತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಿಯಮಗಳು ಮಡಿಯವರ ಅಡಿಗೆ ಮನೆಯಲ್ಲೂ ಅಷ್ಟಿರಲಿಕ್ಕಿಲ್ಲ. ಬಣ್ಣದ ಅಕ್ಷರ ಕೂಡದು. ಉತ್ತರವನ್ನು ಮೇಲ್ತುದಿಯಲ್ಲಿ ಬರೆಯಕೂಡದು. ಸಾಲು ಉದ್ದವಾಗಕೂಡದು. ನನ್ನ ಮೊದಲ ತಿದ್ದುಪಡಿಯನ್ನು ನನ್ನ ಮೇಲ್ ಪ್ರೋಗ್ರಾಂ ತನಗೆ ತಿಳಿದಲ್ಲಿ ಸಾಲು ಮುರಿದು ಕಳಿಸಿ, ಅದು ಏಳು ಸಲ ವಾಪಸು ಬಂತು. ಗೋಕಾಕದ ಕಡೆಯ ಉತ್ಸಾಹಿ ಮೇಷ್ಟ್ರೊಬ್ಬರು ಹೊಸದಾಗಿ ಸೇರಿ, ದೊಡ್ಡದೊಂದು ಗುಲಾಬಿಯ ಚಿತ್ರದ ಜೊತೆ ಎಲ್ಲರಿಗೂ ಶುಭೋದಯ ಕಳಿಸಿದರು. ಲಕ್ಕವ್ವ ಗುಲಾಬಿಯ ಕೆಳಗೆ ಬರೆದರು: 'ಇದು ಇಳಿಯಾಕ ಒಂದ ತಾಸ ಹಿಡೀತು. ಗುಲಾಬಿ ತಗದು ಕಳಸ್ರಿ.' ಮೇಷ್ಟ್ರು ಗುಲಾಬಿಯ ಜೊತೆ ತಾವೂ ಹೋದವರು ಬಹಳ ದಿನ ಇತ್ತ ಸುಳಿಯಲಿಲ್ಲ.

ಹೀಗಿರುವಾಗ ನಮ್ಮಲ್ಲಿ ಅಭಿಜಿತ ಸೇರಿದ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವನು, ಚುರುಕು, ಮಾತುಗಾರ. "ಸರ, ಯಾವ ಕಾಲದಾಗ ಅದೀರಿ ನೀವು? ಮೇಲ್‌ನ್ಯಾಗ ಕೋಡ್ ನೋಡೋದಂದ್ರ ಇನ್ನೂ ಟಪಾಲದಾಗ ಚಹಾ ಕಳಸಿದಂಗ. ಪುಟಕ್ಕ ಬರ್ರಿ. ಬದಲಾದದ್ದು ಹಸರ, ತಗದದ್ದು ಕೆಂಪ. ಒಂದ ಬಟನ್ ಒತ್ತಿದ್ರ ಖಲಾಸ್" ಎಂದ. ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದ. ಪ್ರತಿಯೊಬ್ಬರ ಮುಖವೂ ದುಂಡಗಿನ ಚಿತ್ರದಲ್ಲಿ ಕಾಣುತ್ತಿತ್ತು. ಸ್ಥಾಪಕರ ಮುಖ ಎಲ್ಲಕ್ಕಿಂತ ಮೇಲಿರುತ್ತದೆ ಎಂದೂ ಹೇಳಿದ. ಆ ಕ್ಷಣದಿಂದ ನಾನು ಪ್ರಗತಿಪರನಾದೆ.

ನಿರ್ಧಾರಕ್ಕೆ ನಮ್ಮ ಮನೆಯಲ್ಲೇ ಸಭೆ ಕರೆದೆವು. ಬೆಳಗಾವಿಯವರಿಗೆ ವಾದ ಹೊಸದಲ್ಲ, ಎರಡು ಪಕ್ಷ ಸಿಕ್ಕರೆ ಸಾಕು, ವಿಷಯ ಆಮೇಲೆ ಹುಡುಕಿಕೊಳ್ಳುತ್ತೇವೆ. ಮೇಲ್‌ನವರು ಪುಟದವರನ್ನು ಆತುರಗಾರರು ಎಂದರು. ಪುಟದವರು ಮೇಲ್‌ನವರನ್ನು ಮ್ಯೂಸಿಯಮ್ಮಿಗೆ ಕಳಿಸಿದರು. ಸುನಂದಾ ಚುರುಮುರಿಯ ಸೂಸಲಾ ತಂದಿಟ್ಟು, ಒಂದು ಗಳಿಗೆ ನಿಂತು ಕೇಳಿ, "ಒಬ್ಬರು ಬರದದ್ದ ಇನ್ನೊಬ್ಬರು ಓದಬೇಕು, ಇಷ್ಟ ಹೌದಿಲ್ಲೊ? ಅದನ್ನ ಬಿಟ್ಟ ಎಲ್ಲಾ ಮಾಡಾಕತ್ತೀರಲ್ರಿ" ಎಂದಳು. ಅವಳಿಗೆ ತಂತ್ರಜ್ಞಾನ ತಿಳಿಯದು ಎಂದು ನಾವೆಲ್ಲ ನಕ್ಕೆವು. ಕೈ ಎತ್ತಿಸಿದಾಗ ಪುಟವೇ ಗೆದ್ದಿತು. ಲಕ್ಕವ್ವ ಬಂದಿರಲಿಲ್ಲ. ಅವರ ಅಭಿಪ್ರಾಯ ಮೇಲ್‌ನಲ್ಲಿ ಬಂದಿತ್ತು, ವಿಷಯದ ಜಾಗದಲ್ಲಿ 'ಸಭಾ ಮುಗಿಯೂ ಮೊದಲ ಓದ್ರಿ' ಎಂದಿತ್ತು. ಅದನ್ನು ನಾವು ಓದಿದ್ದು ಸೂಸಲಾ ಮುಗಿದ ಮೇಲೆ.

ಅವರಿಗೆ ಹೇಳಿ ಬರುವ ಕೆಲಸ ಸ್ಥಾಪಕರ ಪಾಲಿಗೆ ಬಂತು. ಪ್ಯಾಸೆಂಜರ್ ರೈಲು ಹತ್ತಿ ಗುಂಜಿಗೆ ಹೋದೆ. ಖಾನಾಪುರದಲ್ಲಿ ನೇರಳೆ ಹಣ್ಣಿನ ಬುಟ್ಟಿಗಳೊಡನೆ ನಾಲ್ಕು ಹೆಂಗಸರು ಹತ್ತಿದರು. ಹಣ್ಣು ಕೊಂಡು ತಿನ್ನುತ್ತ, ನಾಲಿಗೆ ನೀಲಿ ಮಾಡಿಕೊಂಡು, ತಂತ್ರಜ್ಞಾನದ ಮುನ್ನಡೆಯ ಬಗ್ಗೆ ಏನು ಭಾಷಣ ಮಾಡಬೇಕೆಂದು ಯೋಚಿಸಿದೆ.

ಲಕ್ಕವ್ವ ಭಾಷಣಕ್ಕೆ ಅವಕಾಶವನ್ನೇ ಕೊಡಲಿಲ್ಲ. "ಬರ್ರಿ ಸರ, ಕುಂದರಬ್ಯಾಡ್ರಿ, ಹಂಗ ನಡೀರಿ" ಎಂದು ನನ್ನನ್ನು ಲೈಬ್ರರಿಯಿಂದ ಮತ್ತೆ ಸ್ಟೇಷನ್ನಿಗೇ ಕರೆದುಕೊಂಡು ಹೋದರು. ಊರಿನಲ್ಲಿ ಫೋನು ಮಾತಿಗಷ್ಟೇ, ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗಿ ನಿಂತರೆ ಮಾತ್ರ ಇಂಟರ್‌ನೆಟ್ಟಿಗೆ ಒಂದಿಷ್ಟು ನೆಟ್‌ವರ್ಕ್ ಸಿಗುತ್ತದೆ. ಅಲ್ಲಿ ನಿಂತು ಅಭಿಜಿತನ ಪುಟ ತೆರೆದರು. ಒಂದು ಚಕ್ರ ತಿರುಗತೊಡಗಿತು. ಗೂಡ್ಸ್ ಗಾಡಿಯೊಂದು ಬಂದು, ಅದರ ಎಲ್ಲ ಡಬ್ಬಿಗಳೂ ದಾಟಿ ಹೋದವು. ಚಕ್ರ ತಿರುಗುತ್ತಲೇ ಇತ್ತು.

"ಮೇಲ್ ಆದ್ರ ಒಮ್ಮೆ ಇಳೀತಂದ್ರ ಇಳೀತ್ರಿ. ಆಮ್ಯಾಲ ನನ್ನ ಜೋಡಿ ಲೈಬ್ರರಿಗೆ ಬರತೈತಿ. ಅಲ್ಲೆ ಕುಂತು ಓದತೇನಿ, ಉತ್ತರ ಬರದಿಡತೇನಿ, ಸಂಜಿಕ ಇಲ್ಲೆ ಬಂದ ಕಳಸತೇನಿ. ನಿಮ್ಮ ಪುಟ ಹಂಗ ನನ್ನ ಜೋಡಿ ಬರೂದಿಲ್ಲ. ಒಂದ ಸಾಲಿಗೆ ಒಂದ ಮಾತ ಬರೀಬೇಕಂದ್ರೂ ನಾ ಇಲ್ಲೆ ಬಂದ ನಿಂದರಬೇಕು" ಎಂದರು.

"ನೆಟ್‌ವರ್ಕ್ ಇವತ್ತಿಲ್ಲಾ ನಾಳೆ ಬರತೈತ್ರಿ ಅಕ್ಕಾರ" ಎಂದೆ.

"ಬರ್ಲಿ ಸರ. ಬಂದ ಮ್ಯಾಲ ನಾನೂ ಪುಟಕ್ಕ ಬರತೇನಿ. ಅಲ್ಲೀತನಕ ನಾ ಹೊರಗ ನಿಂದರೂದೇನು?"

ನನ್ನ ಉದಾರತೆ ಜಾಗೃತವಾಯಿತು. ಕೂಡಲೇ ಒಂದು ದಾರಿ ಹುಡುಕಿದೆ. ಅವರು ಎಂದಿನಂತೆ ಮೇಲ್‌ನಲ್ಲೇ ಬರೆಯಲಿ. ಅವರಿಗೆ ಕೋಡನ್ನು ಮೇಲ್ ಮಾಡುವವನು ನಾನು, ಅವರ ಉತ್ತರ ಬಂದ ಕೂಡಲೇ ಅದನ್ನು ಪುಟಕ್ಕೆ ಹಾಕುವವನೂ ನಾನು. "ನಿಮ್ಮ ಮಾತು ಒಂದೂ ಬಿಡೂದಿಲ್ರಿ" ಎಂದೆ.

ಅವರು ನನ್ನ ನೀಲಿ ನಾಲಿಗೆಯನ್ನು ನೋಡಿದರೋ ಏನೋ. "ಪೂರಾ ಓದತೀರಿಲ್ಲೊ?" ಎಂದು ಕೇಳಿದರು.

"ಪೂರಾ" ಎಂದೆ.

ಪುಟದ ಯುಗ ಶುರುವಾಯಿತು. ಹೊಸಬರು ಬಂದರು, ಅದು ಒಳ್ಳೆಯದೇ ಆಯಿತು. ಗುಲಾಬಿ ಮೇಷ್ಟ್ರೂ ತಿರುಗಿ ಬಂದರು. ಮೊದಲು ಹದಿನೈದು ದಿನ ಹಿಡಿಯುತ್ತಿದ್ದ ಒಪ್ಪಿಗೆ ಈಗ ಹದಿನೈದು ನಿಮಿಷಕ್ಕೆ ಸಿಗತೊಡಗಿತು. ಹೆಬ್ಬೆರಳಿನ ಚಿತ್ರ, ಚಪ್ಪಾಳೆಯ ಚಿತ್ರ, ರಾಕೆಟ್ಟಿನ ಚಿತ್ರ. ಒಬ್ಬರು ಪ್ರತಿ ತಿದ್ದುಪಡಿಗೂ ಕೈ ಮುಗಿಯುತ್ತಿದ್ದರು, ಯಾರೋ ತೀರಿಕೊಂಡ ಸುದ್ದಿಗೆ ಮುಗಿಯುವ ಹಾಗೆ. ಇನ್ನೊಬ್ಬರು 'ಚೊಲೋ ಐತಿ' ಎಂದು ಎಷ್ಟು ಬೇಗ ಬರೆಯುತ್ತಿದ್ದರೆಂದರೆ, ಒಮ್ಮೆ ನಾನು ತಪ್ಪಿ ಖಾಲಿ ಫೈಲು ಹಾಕಿದ್ದಕ್ಕೂ ಚೊಲೋ ಐತಿ ಬಂತು. ಒಂದು ಬಟನ್ನಿನ ಬಣ್ಣ ತಿಳಿ ನೀಲಿಯಿರಬೇಕೋ ಗಾಢ ನೀಲಿಯೋ ಎಂಬುದಕ್ಕೆ ಮಾತ್ರ ಎರಡು ವಾರ ಚರ್ಚೆಯಾಯಿತು. ಬಣ್ಣ ಎಲ್ಲರಿಗೂ ತಿಳಿಯುತ್ತದೆ ನೋಡಿ. ಈ ಗದ್ದಲದಲ್ಲಿ ಲಕ್ಕವ್ವನ ಪ್ರಶ್ನೆಗಳನ್ನು ನಾನು ತಂದು ಹಾಕಿದರೆ ರಾಕೆಟ್ಟುಗಳು ಹಾರುವುದು ನಿಲ್ಲುತ್ತಿತ್ತು. ಊಟದ ಪಂಕ್ತಿಯಲ್ಲಿ ಯಾರೋ ಲೆಕ್ಕದ ಪರೀಕ್ಷೆ ಇಟ್ಟಂತೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು.

ಆಗ ಸ್ಥಾಪಕರಿಗೆ ಒಂದು ಸುಧಾರಣೆ ಹೊಳೆಯಿತು. ಲೈಬ್ರರಿಗಳ ಓದುಗರ ಪಟ್ಟಿ ಉದ್ದವಾಗಿ, ಹಳೆಯ ಕಂಪ್ಯೂಟರುಗಳು ತೆವಳುತ್ತಿದ್ದವು. ಹನ್ನೆರಡು ತಿಂಗಳಿಂದ ಒಂದೂ ಪುಸ್ತಕ ಒಯ್ಯದವರ ಹೆಸರನ್ನು ತಾನಾಗಿ ತೆಗೆದುಹಾಕುವ ಕೋಡು ಬರೆದೆ. ಪುಟಕ್ಕೆ ಹಾಕಿದೆ. ಹೆಬ್ಬೆರಳುಗಳು ಎದ್ದವು, ರಾಕೆಟ್ಟುಗಳು ಹಾರಿದವು. ಗುಂಜಿಗೆ ಮೇಲ್ ಮಾಡಿದೆ.

ಅವರ ಉತ್ತರ ಬಂದಾಗ ನಾನು ಸಹೋದ್ಯೋಗಿಯ ಮಗಳ ಮದುವೆಯ ಊಟಕ್ಕೆ ಕುಳಿತಿದ್ದೆ. ಬಲಗೈ ಹೋಳಿಗೆಯಲ್ಲಿ, ಎಡಗೈಯಲ್ಲಿ ಫೋನು. ಮೇಲ್ ತೆರೆದರೆ ಮೊದಲ ಸಾಲಿಗೆ > ಗುರುತು, ನನ್ನದೇ ಮಾತು. ಅದರ ಕೆಳಗೆ > ಗುರುತು, ಅದೂ ನನ್ನದೇ. ಹೆಬ್ಬೆರಳಿನಿಂದ ಒಂದೆರಡು ಸಲ ತಳ್ಳಿದೆ. ಬರೀ ನನ್ನವೇ ಸಾಲುಗಳು, ನಡುವೆ ಲಕ್ಕವ್ವನ ಒಂದು ಮಾತೂ ಇಲ್ಲ. ನನ್ನ ಕೋಡಿನಲ್ಲಿ ಲಕ್ಕವ್ವ ಒಂದೂ ತಪ್ಪು ಕಾಣಲಿಲ್ಲ! ಇದ್ದದ್ದನ್ನು ಇದ್ದ ಹಾಗೆ ವಾಪಸು ಕಳಿಸಿದ್ದಾರೆ! ಆ ಹಿಗ್ಗಿಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಕೊನೆಗೆ ಅವರ ಹೆಸರಿನ ಸಾಲು ಇದೆಯೇ ಎಂದು ನೋಡಲು ಮೇಲ್‌ನ ಬುಡದವರೆಗೆ ಹೋಗಬೇಕಿತ್ತು. ತುಪ್ಪ ಬಡಿಸುವವರು ಬಂದರು. ಕೈ ತೊಳೆದು ಬಂದವನೇ ಪುಟದಲ್ಲಿ ನಾನೇ ಟೈಪ್ ಮಾಡಿದೆ: 'ಪರಿಶೀಲಿಸಿದವರು: ಲಕ್ಕವ್ವ, ಗುಂಜಿ'. ಅಭಿಜಿತ ಹಸಿರು ಬಟನ್ ಒತ್ತಿದ. ಹೊಸ ಆವೃತ್ತಿ ಎಲ್ಲ ಲೈಬ್ರರಿಗಳಿಗೂ ಹೋಯಿತು.

ಎಂಟನೆಯ ದಿನ ಗುಂಜಿಯಿಂದ ಮೇಲ್ ಬಂತು. ಅದರಲ್ಲಿ ಎರಡೇ ಸಾಲು.

> ಪರಿಶೀಲಿಸಿದವರು: ಲಕ್ಕವ್ವ, ಗುಂಜಿ
ಯಾವಾಗ್ರಿ?

ಹಳೆಯ ಮೇಲ್ ತೆಗೆದು, ಈ ಸಲ ಕುರ್ಚಿಯಲ್ಲಿ ಕುಳಿತು, ಬುಡದವರೆಗೆ ಓದಿದೆ. ಮುಕ್ಕಾಲು ದಾರಿಯಲ್ಲಿ, ಒಯ್ದ ಪುಸ್ತಕಗಳನ್ನು ಎಣಿಸುವ ಸಾಲಿನ ಕೆಳಗೆ, ಅವರ ಮಾತು ತಣ್ಣಗೆ ಕುಳಿತಿತ್ತು: 'ಸರ, ಇಲ್ಲೇ ಕುಂತು ಓದಿ ಹೋಗೋರು ಪುಸ್ತಕಾ ಒಯ್ಯೂದಿಲ್ಲ. ಅವರ ಹೆಸರು ಉಳೀತಾವೇನು? ನಮ್ಮಲ್ಲೆ ಹೆಣ್ಮಕ್ಕಳು ಬಾಳ ಮಂದಿ ಹಿಂಗ ಅದಾರ. ಇದಕ್ಕ ಉತ್ತರ ಸಿಗೂತನಕ ನನ್ನ ಒಪ್ಪಿಗಿ ಇಲ್ಲ.'

ಮರುದಿನದ ರೈಲಿಗೆ ಹೊರಟೆ. ಕಿಟಕಿಯಾಚೆ ಏನಿತ್ತೋ ನೋಡಲಿಲ್ಲ.

ಲೈಬ್ರರಿಯಲ್ಲಿ ಆರೇಳು ಹೆಂಗಸರು ಕುಳಿತಿದ್ದರು. ಪಕ್ಕದಲ್ಲಿ ಹಿಟ್ಟಿನ ಗಿರಣಿಯ ಸದ್ದು. ಆಗ ನನಗೆ ತಿಳಿಯಿತು. ಇವರು ಗಿರಣಿಗೆ ಕಾಳು ಕೊಟ್ಟು, ತಮ್ಮ ಸರತಿ ಬರುವವರೆಗೆ ಇಲ್ಲಿ ಬಂದು ಓದುವವರು. ಮನೆಯಲ್ಲಿ ಕೇಳಿದರೆ ಗಿರಣಿಯಲ್ಲಿ ಗದ್ದಲವಿತ್ತು ಎಂದರೆ ಆಯಿತು, ಪುಸ್ತಕ ಮನೆಗೆ ಒಯ್ದರೆ ನೂರು ಮಾತು ಬರುತ್ತವೆ. ಪುಸ್ತಕದ ಅಂಚಿನ ಮೇಲೆ ಬಿಳಿಯ ಬೆರಳ ಗುರುತು ನೋಡಿಯೇ ಯಾರು ಎಲ್ಲಿಯವರೆಗೆ ಓದಿದ್ದಾರೆಂದು ಲಕ್ಕವ್ವ ಹೇಳುತ್ತಾರಂತೆ. ನನ್ನ ಕೋಡಿಗೆ ಆ ಹಿಟ್ಟು ಕಾಣುವುದಿಲ್ಲ. ಕಂಪ್ಯೂಟರಿನ ಪಟ್ಟಿಯಿಂದ ಇವರೆಲ್ಲರನ್ನೂ ನಾನು ಒಂದೇ ಏಟಿಗೆ ತೆಗೆದುಹಾಕಿದ್ದೆ.

ಅನಸೂಯಾ ಎಂಬ ಹೆಂಗಸು ಎದ್ದು ಬಂದಳು. "ನಾ ದಿನಾ ಇದ ಖುರ್ಚಿ ಮ್ಯಾಲ ಕುಂದರತೇನ್ರಿ. ನಿಮ್ಮ ಯಂತ್ರಕ್ಕ ಕಾಣಸಲಿಲ್ಲೇನು?" ಎಂದಳು. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳಿದಳು. ಅದೇ ಹೆಚ್ಚು ನೋಯಿಸಿತು.

"ನನ್ನ ಹೆಸರೂ ಹೋಗೈತ್ರಿ" ಎಂದರು ಲಕ್ಕವ್ವ. "ನಾನೂ ಇಲ್ಲೇ ಕುಂತು ಓದಾಕಿ. ಮನಿಗೆ ಎಂದ ಒಯ್ದೇನಿ? ನೀವು ನನ್ನ ಪ್ರಶ್ನೆಗೆ ಉತ್ತರ ಹುಡಕಿರಬೇಕು ಅಂತ ತಿಳದ ಹೊಸಾ ಆವೃತ್ತಿನ ಎಲ್ಲಾರಿಗಿಂತ ಮೊದಲ ನಾನ ಹಾಕ್ಕೊಂಡೆ. ಆಮ್ಯಾಲ ನೋಡತೇನಿ, ಓದೋರ ಪಟ್ಟ್ಯಾಗ ನಾ ಇಲ್ಲ, ಒಪ್ಪಿದವರ ಪಟ್ಟ್ಯಾಗ ಅದೇನಿ."

ನಾನು ಫೋನು, ಹೋಳಿಗೆ, ತುಪ್ಪ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೋದಂತೆ ಅದು ನನಗೇ ಅಸಹ್ಯವೆನಿಸಿತು.

ಅವರು ಪೂರ್ತಿ ಕೇಳಿದರು. ಅದು ಅವರ ಸ್ವಭಾವ. ಆಮೇಲೆ, "ಕೋಡಿನ್ಯಾಗ ತಪ್ಪ ಇದ್ರ ನನಗ ಸಿಟ್ಟಿಲ್ರಿ ಸರ, ತಪ್ಪ ಇರತಾವು, ಅದಕ್ಕ ಓದತೇವಿ. ಆದ್ರ ನಾ ಅನ್ನಲಾರದ್ದನ್ನ ನಾ ಅಂದೇನಿ ಅಂತ ಬರದ್ರಲ್ಲ? ಹತ್ತಾರು ಲೈಬ್ರರಿಯವರು ನನ್ನ ಹೆಸರ ನೋಡಿ ಅದನ್ನ ಹಾಕ್ಕೊಂಡಾರ. ಮುಂಜಾನಿಂದ ಫೋನ್ ಬರಾಕತ್ತಾವು. 'ಅಕ್ಕಾರ, ನೀವ ಒಪ್ಪೀರಂತಲ್ಲ' ಅಂತಾರ. ನಾ ಏನ ಹೇಳಲಿ?" ಎಂದರು. ದನಿ ಏರಲಿಲ್ಲ. ಏರಿದ್ದರೆ ನಾನು ವಾದ ಮಾಡುತ್ತಿದ್ದೆನೇನೋ, ಅದು ನನಗೆ ಬರುತ್ತದೆ. ಈಗ ಫೋನು ಕೈಗೆತ್ತಿಕೊಂಡೆ.

ಎಲ್ಲ ಲೈಬ್ರರಿಗಳಿಗೂ ತಪ್ಪು ನನ್ನದು, ಲಕ್ಕವ್ವ ಒಪ್ಪಿರಲಿಲ್ಲ ಎಂದು ಮೇಲ್ ಬರೆದೆ. ಅವರ ಎದುರಿಗೇ ಬರೆದು, ಸ್ಟೇಷನ್ನಿನ ಆ ತುದಿಗೆ ಓಡಿ ಕಳಿಸಿ ಬಂದೆ. ಅಳಿದ ಹೆಸರುಗಳನ್ನು ತಿರುಗಿ ತರುವ ಉಪಾಯವಿರಲಿಲ್ಲ. ಪಟ್ಟಿಯ ಇನ್ನೊಂದು ಪ್ರತಿ ತಾನಾಗಿ ಉಳಿಯುವ ಸೌಲಭ್ಯ ಮುಂದಿನ ಆವೃತ್ತಿಯಲ್ಲಿ ಬರಲಿದೆ ಎಂದು ಮೂರು ಆವೃತ್ತಿಗಳಿಂದ ನಾನೇ ಬರೆಯುತ್ತ ಬಂದಿದ್ದೆ. ಕಂಪ್ಯೂಟರ್ ಬಂದ ಮೇಲೆ ಕಾಗದದ ರಜಿಸ್ಟರ್ ಏಕೆ ಎಂದು ಅದನ್ನು ನಿಲ್ಲಿಸಿದವನೂ ನಾನೇ. ಹೀಗಾಗಿ ಲಕ್ಕವ್ವ ನನ್ನನ್ನು ಕಂಪ್ಯೂಟರಿನ ಮುಂದೆ ಕೂಡಿಸಿ, ಗಿರಣಿಯಿಂದ ಒಬ್ಬೊಬ್ಬರನ್ನೇ ಕರೆದು ತಂದರು. "ನಮ್ಮಪ್ಪ ಸಂಜಿಕ ಎಮ್ಮಿ ಎಣಸತಿದ್ದಿಲ್ರಿ, ಒಂದೊಂದರ ಮಾರಿ ನೋಡಾಂವ. ನೀವೂ ಮಾರಿ ನೋಡಿ ಬರೀರಿ" ಎಂ­ದರು. ಸಂಜೆಯ ರೈಲಿನವರೆಗೆ ಬರೆದೆ. ಹೆಸರು, ಓಣಿ, ಯಾವ ಪುಸ್ತಕ ಅರ್ಧಕ್ಕೆ ನಿಂತಿದೆ. ಅನಸೂಯಾ ಓದುತ್ತಿದ್ದ ಕಾದಂಬರಿಯಲ್ಲಿ ನಾಯಕಿ ಇನ್ನೂ ತವರಿಗೆ ಹೋಗಬೇಕಿತ್ತು.

ನಡುವೆ ತಿದ್ದಿದ ಕೋಡನ್ನೂ ಬರೆದು ಮುಗಿಸಿದ್ದೆ. ಕುಳಿತು ಓದಿದವರನ್ನೂ ಎಣಿಸುವಂತೆ ಮಾಡಿದ್ದೆ. ಒಂದು ಮೊಳ ದೂರದಲ್ಲಿ ಕುಳಿತಿದ್ದ ಲಕ್ಕವ್ವನಿಗೆ ಪರದೆ ತಿರುಗಿಸಿ, "ಇದನ್ನೊಂಚೂರ ನೋಡ್ರಿ ಅಕ್ಕಾರ" ಎಂದೆ.

"ಮೇಲ್ ಮಾಡ್ರಿ" ಎಂದರು.

"ಇಲ್ಲೇ ಐತಲ್ರಿ!"

"ನೀವು ಎದರಿಗೆ ಕುಂತ್ರ ನಾ ನಿಮ್ಮ ಮಾರಿ ನೋಡಿ ಹೂಂ ಅಂದಬಿಡತೇನಿ. ಮೇಲ್ ಮಾಡ್ರಿ, ಓದಿ ಹೇಳತೇನಿ."

ಸ್ಟೇಷನ್ನಿನ ತುದಿಯಿಂದ ಕಳಿಸಿ ರೈಲು ಹತ್ತಿದೆ.

ಬೆಳಗಾವಿಯಲ್ಲಿ ಪುಟದವರೂ ಮೇಲ್‌ನವರೂ ಮತ್ತೆ ಸೇರಿದರು. ತಪ್ಪು ಪುಟದ್ದೋ ಮೇಲ್‌ನದೋ ಎಂದು ಎರಡು ತಾಸು ವಾದವಾಯಿತು. ಮದುವೆಯ ಅಡಿಗೆಯವರದೂ ಸ್ವಲ್ಪ ಪಾಲಿದೆ ಎಂದು ಗುಲಾಬಿ ಮೇಷ್ಟ್ರು ಹೇಳಿದರು. ಕೊನೆಗೆ ಅಭಿಜಿತನೇ ಒಂದು ಕೆಲಸ ಮಾಡಿದ. ಪುಟದಲ್ಲಿ ಬರೆದದ್ದು ತಾನಾಗಿ ಮೇಲ್ ಆಗಿ ಹೋಗುತ್ತದೆ, ಮೇಲ್‌ನಲ್ಲಿ ಬರೆದದ್ದು ತಾನಾಗಿ ಪುಟಕ್ಕೆ ಬಂದು ಆಯಾ ಸಾಲಿನ ಕೆಳಗೇ ಕೂರುತ್ತದೆ. ನಡುವೆ ಸ್ಥಾಪಕರ ಅಗತ್ಯವಿಲ್ಲ. ಪರಿಶೀಲಿಸಿದವರ ಸಾಲನ್ನು ಅವರವರೇ ಬರೆಯಬೇಕು, ಬೇರೆಯವರು ಬರೆದರೆ ಪುಟ ತೆಗೆದುಕೊಳ್ಳುವುದಿಲ್ಲ. ನನ್ನನ್ನು ನಡುವಿನಿಂದ ಕಿತ್ತುಹಾಕುವ ಆ ಕೋಡನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿ, ಆಮೇಲೆ ಹೆಬ್ಬೆರಳು ಒತ್ತಿದೆ. ಈಗ ಎಲ್ಲರಿಗೂ ಎಲ್ಲವೂ ಎರಡೆರಡು ಸಲ ಬರುತ್ತದೆ, ಎರಡನ್ನೂ ಓದದಿರಲು ಎರಡು ಪಟ್ಟು ಸಮಯ ಹೋಗುತ್ತದೆ ಎಂದು ಕೆಲವರ ದೂರು.

ನನ್ನ ತಿದ್ದುಪಡಿ ಗುಂಜಿಯಿಂದ ಮೂರು ಪ್ರಶ್ನೆ ಹೊತ್ತು ವಾಪಸು ಬಂತು. ಎರಡನೆಯ ಸಲ ಒಂದು ಪ್ರಶ್ನೆ. ಎರಡು ಸಲವೂ ಕೊನೆಯಲ್ಲಿ ಅವರ ಹೆಸರಿರಲಿಲ್ಲ. ಅಭಿಜಿತ ಬಟನ್ನಿನ ಮೇಲೆ ಬೆರಳಿಟ್ಟುಕೊಂಡು ಫೋನು ಮಾಡುತ್ತಿದ್ದ. "ಬಂತೇನ್ರಿ ಸರ ಒಪ್ಪಿಗಿ?" ಎನ್ನುತ್ತಿದ್ದ. "ಇಲ್ಲ" ಎನ್ನುತ್ತಿದ್ದೆ. ಅವರು ಇನ್ನು ಎಂದಾದರೂ ನನ್ನ ಕೋಡಿನ ಕೆಳಗೆ ತಮ್ಮ ಹೆಸರು ಹಾಕುತ್ತಾರೋ ಇಲ್ಲವೋ ಎಂಬ ಭಯ ನನಗೆ ನಿಜವಾಗಿಯೂ ಹತ್ತಿಬಿಟ್ಟಿತ್ತು. ಸಂಜೆಯಾದರೆ ಫೋನನ್ನು ಮಗ್ಗುಲಲ್ಲಿಟ್ಟುಕೊಂಡು ಕುಳಿತಿರುತ್ತಿದ್ದೆ.

ಮೂರನೆಯ ಉತ್ತರ ನಿನ್ನೆ ಸಂಜೆ ಬಂತು. ಮೊದಲ ಸಾಲಿಗೆ > ಗುರುತು, ನನ್ನ ಮಾತು. ಮುಂದೆಯೂ ಅದೇ. ಒಂದೊಂದೇ ಸಾಲು ಓದುತ್ತ ಇಳಿದೆ. ಪೂರ್ತಿ ಕೆಳಗೆ ಅವರು ಬರೆದಿದ್ದರು:

'ಒಂದ ಹೆಸರ ಹಾಕಿ ತಪಾಸ ಮಾಡೇನಿ.
ಓದೋರ ಹೆಸರು: ಬೆಳಗಾವಿ ಸರ.
ಒಯ್ದ ಪುಸ್ತಕಾ: ಇಲ್ಲ.
ಕುಂತು ಓದಿದ್ದು: ಮಂದಿ ಹೆಸರು, ಒಂದ ದಿನಾ ಪೂರಾ.
ಪಟ್ಟ್ಯಾಗ ಉಳೀತೇನು: ಉಳೀತು.'

ನಕ್ಕೆ. ನಗುತ್ತಲೇ ಕಣ್ಣು ಒರೆಸಿಕೊಂಡು ಇನ್ನೂ ಕೆಳಗೆ ಹೋದೆ. ಒಂದು ಸಾಲು ಖಾಲಿ ಬಿಟ್ಟು, ಬುಡದಲ್ಲಿ ಹೀಗಿತ್ತು:

'ಪರಿಶೀಲಿಸಿದವರು: ಲಕ್ಕವ್ವ, ಗುಂಜಿ'

ಈ ಸಲ ಅದನ್ನು ನಾನು ಟೈಪ್ ಮಾಡಿರಲಿಲ್ಲ.